ಕೋಟಿನ ಸಾಹೇಬರ ಮನೆ

“ಆ ಕೋಟಿನ ಸಾಹೇಬರು ಕೊನೆಗೂ ಮನೆ ಕಟ್ಟಿಸಿದ್ರಾ?”

ಮೇಸ್ತ್ರಿ ದಾರಿಯಲ್ಲಿ ಎದುರಾದಾಗಲೆಲ್ಲ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಇದು. ವರ್ಷಗಳು ಉರುಳಿದರೂ ಅವನ ದನಿಯಲ್ಲಿನ ಆಸೆ ಬತ್ತಿರಲಿಲ್ಲ. ಚಿಕ್ಕಮ್ಮನನ್ನು ಕೇಳಿದರೆ, “ದೊಡ್ಡವರ ವಿಚಾರ, ನಿಧಾನಕ್ಕೆ ಆಗುತ್ತೆ” ಎಂದು ಮಾತು ತೇಲಿಸಿಬಿಡುತ್ತಿದ್ದಳು.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ಮದುವೆಯಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಊರಿನ ಅರ್ಧ ಜನರನ್ನು ಇನ್ನರ್ಧ ಜನರಿಗೆ ಜೋಡಿಸುತ್ತ ಕೆಲಸದ ವರ್ಷಗಳನ್ನು ಕಳೆದವಳು. ನಿವೃತ್ತಿಯ ನಂತರ ನಮ್ಮೊಂದಿಗೇ ಇದ್ದಳು. ಮುಖ ನೋಡಿ ಮನುಷ್ಯರನ್ನು ಅಳೆಯುವವರಿದ್ದಾರೆ, ಅವಳು ದನಿ ಕೇಳಿ ಅಳೆಯುತ್ತಿದ್ದಳು. ಪುರಾವೆಯಿಲ್ಲದೆ ಯಾವುದನ್ನೂ ಒಪ್ಪದ ನಾನು ಅವಳ ಈ ವಿದ್ಯೆಯನ್ನು ಬಹುಕಾಲ ಗೇಲಿ ಮಾಡಿದ್ದೆ.

ಅಮ್ಮ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡ ವರ್ಷದ ಮಾತು. ನಮ್ಮ ಮನೆಯಲ್ಲಿ ಬಚ್ಚಲು, ಶೌಚಾಲಯ ಎರಡೂ ಮಹಡಿಯ ಮೇಲಿದ್ದವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಸುತ್ತಿ ಬಳಸದೆ ಹೇಳಿದರು: ಮೆಟ್ಟಿಲು ಹತ್ತುವಂತಿಲ್ಲ; ಕೆಳಗೆ ವ್ಯವಸ್ಥೆಯಿದ್ದರೆ ಮನೆಗೆ ಕಳಿಸುತ್ತೇವೆ, ಇಲ್ಲದಿದ್ದರೆ ಆರೈಕೆ ಕೇಂದ್ರಕ್ಕೆ.

“ಕಂಡವರ ಕೈಲಿ ಬೆಡ್‌ಪ್ಯಾನ್ ಹಿಡಿಸ್ಕೊಂಡು ದಿನ ನೂಕೋಕೆ ನನ್ನಿಂದಾಗಲ್ಲ” ಎಂದಳು ಅಮ್ಮ. “ಒಳಗಿಂದ ಚಿಲಕ ಹಾಕ್ಕೊಳ್ಳೋ ಹಾಗೆ ಒಂದು ಬಾಗಿಲು ಮಾಡ್ಕೊಡಿ. ಬೇರೇನೂ ಬೇಡ.”

ಮೆಟ್ಟಿಲ ಪಕ್ಕದ ಉಗ್ರಾಣವನ್ನು ಬಚ್ಚಲುಮನೆಯಾಗಿಸುವುದೆಂದು ತೀರ್ಮಾನಿಸಿದೆವು. ಮೇಸ್ತ್ರಿ ಬಂದ, ಗೋಡೆ ಒಡೆದ, ನೆಲ ಅಗೆದ, ಪೈಪು ಎಳೆದ, ಮಾಯವಾದ. ಗೋಡೆಯಿಂದ ಹೊರಚಾಚಿದ ಪೈಪುಗಳ ಬಾಯಿಗೆ ಹಳೆಯ ಬಟ್ಟೆ ತುರುಕಿತ್ತು. ಬಾಗಿಲು ಇನ್ನೂ ಬಡಗಿಯ ಬಳಿಯಿತ್ತು. ಕಮೋಡು ತನ್ನ ರಟ್ಟಿನ ಪೆಟ್ಟಿಗೆಯಲ್ಲೇ ನಡುಮನೆಯಲ್ಲಿ ಠಿಕಾಣಿ ಹೂಡಿ, ಬಂದವರು ಅದರ ಮೇಲೆ ಕಾಫಿ ಲೋಟ ಇಡುವಷ್ಟು ಮನೆಯವನಂತಾಗಿಬಿಟ್ಟಿತ್ತು. ಫೋನ್ ಮಾಡಿದರೆ ಮೇಸ್ತ್ರಿಯದು ಒಂದೇ ಮಾತು: “ಮುಗೀತು ಅಂತ್ಲೇ ತಿಳ್ಕೊಳ್ಳಿ.” ಚಿಕ್ಕಮ್ಮ ಅವನಿಗೆ ‘ಮುಗೀತು ಮೇಸ್ತ್ರಿ’ ಎಂದೇ ಹೆಸರಿಟ್ಟಳು.

ನಾನು ನನಗೆ ತಿಳಿದ ಹಾದಿಯಲ್ಲಿ ಹೋದೆ. ಕಾರಣ ಕೇಳಿದೆ, ಗಡುವು ಕೊಟ್ಟೆ, ವಕೀಲರ ಹೆಸರೆತ್ತಿದೆ. “ಓದಿದವರು, ನೀವೇ ಹೀಗಂದ್ರೆ ಹೇಗೆ?” ಎಂದು ಅವನು ನನ್ನ ಬಾಯನ್ನೇ ಕಟ್ಟಿಹಾಕಿದ.

ಅಮ್ಮನನ್ನು ಶನಿವಾರ ಬಿಡುಗಡೆ ಮಾಡುವುದಾಗಿ ಆಸ್ಪತ್ರೆಯವರು ತಿಳಿಸಿದ ದಿನ, ಚಿಕ್ಕಮ್ಮ ತಾನೇ ಮೇಸ್ತ್ರಿಗೆ ಫೋನ್ ಹಚ್ಚಿ, ನನಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

“ಎಲ್ಲಿದ್ದೀರಿ ಮೇಸ್ತ್ರಿಗಳೇ?”

“ದಾರೀಲೇ ಇದ್ದೀನಮ್ಮಾ. ನಿಮ್ಮ ಮನೆ ಕಡೆಗೇ ಹೊರಟೆ.”

“ಹಿಂದೆ ಕಾಂಕ್ರೀಟ್ ಮಿಕ್ಸರ್ ತಿರುಗ್ತಿದೆಯಲ್ಲ. ರಸ್ತೆ ನೀವೇ ಹಾಕ್ಕೊಂಡು ಬರ್ತಿದ್ದೀರಾ?”

ಆ ಕಡೆ ಮೇಸ್ತ್ರಿ, “ಏಯ್, ನಿಲ್ಸೋ ಅದನ್ನ” ಎಂದು ಯಾರಿಗೋ ಗದರಿದ.

“ಇರ್ಲಿ ಬಿಡಿ, ನಾನು ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ನಮ್ಮ ಪರಿಚಯದವರೊಬ್ಬರು ಎರಡಂತಸ್ತಿನ ಮನೆ ಕಟ್ಟಿಸ್ತಾರಂತೆ. ಶುಕ್ರವಾರ ಸಂಜೆ ಗಂಡ ಹೆಂಡತಿ ಇಬ್ಬರೂ ನಿಮ್ಮ ಕೆಲಸ ನೋಡೋಕೆ ಬರ್ತಿದ್ದಾರೆ. ಬಾತ್‌ರೂಮ್ ಮುಗಿದಿದೆ ಅಂತ ಹೇಳ್ಬಿಟ್ಟಿದ್ದೀನಿ.”

“ಅಯ್ಯೋ, ಎಲ್ಲಮ್ಮಾ ಮುಗಿದಿದೆ?”

“ನೀವೇ ತಾನೇ ಹೇಳಿದ್ದು, ಮುಗೀತು ಅಂತ ತಿಳ್ಕೊಳ್ಳಿ ಅಂತ? ತಿಳ್ಕೊಂಡೆ.”

ಫೋನ್ ಇಟ್ಟವಳನ್ನು, ಯಾರು ಆ ಪರಿಚಯದವರು ಎಂದು ಕೇಳಿದೆ. “ಎಕ್ಸ್‌ಚೇಂಜಲ್ಲಿ ನನ್ನ ಪಕ್ಕ ಕೂರ್ತಿದ್ದವಳು ಕಣೋ. ಗಂಡ ಭಾರಿ ಕುಳ” ಎಂದಳು. ಅನುಮಾನಿಸಲು ಕಾರಣವೇ ಇರಲಿಲ್ಲ.

ಮರುದಿನ ನಾವು ಹಲ್ಲುಜ್ಜುವ ಮೊದಲೇ ಮೇಸ್ತ್ರಿ ಇಬ್ಬರು ಕೆಲಸಗಾರರೊಂದಿಗೆ ಬಾಗಿಲಲ್ಲಿದ್ದ. ಮುಂದಿನ ದಿನಗಳು ಸುಗ್ಗಿಯಂತೆ ಗದ್ದಲದಲ್ಲಿ ಕಳೆದವು. ಟೈಲ್ಸ್ ಕೊಯ್ಯುವ ಯಂತ್ರ ಕಿರುಚುತ್ತಿತ್ತು, ಬಿಳಿ ಧೂಳು ನಮ್ಮ ಹುಬ್ಬುಗಳನ್ನು ಮುಪ್ಪಾಗಿಸಿತ್ತು, ಸುತ್ತಿಗೆಯ ಪ್ರತಿ ಏಟಿಗೂ ಅಡುಗೆಮನೆಯ ತಟ್ಟೆಗಳು ತಾಳ ಹಾಕುತ್ತಿದ್ದವು. ಚಿಕ್ಕಮ್ಮ ಬಾಗಿಲಿಲ್ಲದ ಚೌಕಟ್ಟಿಗೆ ಕುರ್ಚಿ ಹಾಕಿಕೊಂಡು ಕೂತು, ನೆಲದ ಮೇಲೆ ಚೆಂಬು ನೀರು ಚೆಲ್ಲಿಸಿ, ಅದು ಎತ್ತ ಹರಿಯುತ್ತದೆ ಎಂದು ಬಾಗಿ ನೋಡುತ್ತಿದ್ದಳು. “ಮೇಸ್ತ್ರಿಗಳೇ, ನೀರು ನಡುಮನೆಗೆ ನೆಂಟಸ್ತಿಕೆಗೆ ಹೊರಟಿದೆ, ಒಳಗೆ ಕರೀರಿ.” ಅವನು ಗೊಣಗುತ್ತ ಆ ಮೂಲೆಯ ಟೈಲ್ಸ್ ಕಿತ್ತು ಮತ್ತೆ ಕೂರಿಸಿದ. ನನಗೂ ಸುಮ್ಮನಿರಲಾಗಲಿಲ್ಲ, ಮರಳು ಹೊತ್ತೆ, ಬಡಗಿಯನ್ನು ಅವನ ಅಂಗಡಿಯಿಂದಲೇ ಎಬ್ಬಿಸಿಕೊಂಡು ಬಂದೆ.

ಶುಕ್ರವಾರ ಸಂಜೆ ಗೇಟು ಸದ್ದಾದಾಗ ಕೆಲಸಗಾರ ಕೊನೆಯ ನಲ್ಲಿಯನ್ನು ತಿರುಚುತ್ತಿದ್ದ. ಒಳಬಂದವರು ಬೂದುಬಣ್ಣದ ಉಣ್ಣೆಯ ಕೋಟು ತೊಟ್ಟ ಗಂಭೀರ ಗಂಡಸು ಮತ್ತು ಚುರುಕುಗಣ್ಣಿನ ಹೆಂಗಸು. ಕೋಟಿನ ಒಳ ಅಂಚಿಗೆ ಸಣ್ಣದೊಂದು ಗುಲಾಬಿ ಚೀಟಿ ಪಿನ್ನು ಹಾಕಿತ್ತು, ಸಿರಿವಂತರ ಅಲಕ್ಷ್ಯವೆಂದುಕೊಂಡೆ.

“ಬಣ್ಣ ಚೆನ್ನಾಗಿದೆ” ಎಂದರು ಕೋಟಿನವರು, ಗೋಡೆ ಮುಟ್ಟಿ.

“ನಿಮಗೆ ಯಾವ ಬಣ್ಣ ಚೆನ್ನಾಗಿಲ್ಲ ಹೇಳಿ” ಎಂದು ಆಕೆ ಚುಚ್ಚಿದರು. “ಮನೆ ಕಟ್ಟಿಸೋದು ಇವರಾದ್ರೂ ಒರೆಸೋದು ನಾನು ತಾನೇ. ಕಲೆ ಕಾಣದ ಬಣ್ಣ ಬೇಕು.”

“ಒಂದು ದಿನ ನಾನೂ ಒರೆಸ್ತೀನಿ.”

“ಮೇಸ್ತ್ರಿಗಳೇ, ಕೇಳಿಸ್ಕೊಂಡ್ರಲ್ಲ, ನೀವೇ ಸಾಕ್ಷಿ.”

ಅವರು ಟೈಲ್ಸ್ ಬಿಟ್ಟು ಆಕೆಯನ್ನೇ ನೋಡಿ ನಕ್ಕರು. ಸ್ವಂತ ಹೆಂಡತಿಯನ್ನು ಇಷ್ಟು ಕುತೂಹಲದಿಂದ ನೋಡುವ ಗಂಡ ಅಪರೂಪವೆನಿಸಿತು. ಅಷ್ಟರಲ್ಲಿ ಆಕೆ ಕಮೋಡಿನ ಪಕ್ಕದ ಖಾಲಿ ಗೋಡೆಯನ್ನು ತಟ್ಟಿದರು. “ಕಾಲಲ್ಲಿ ಬಲ ಇಲ್ಲದವರು ಏಳೋಕೆ ಏನು ಹಿಡ್ಕೋತಾರೆ?”

ನಮಗಾರಿಗೂ ಅದು ಹೊಳೆದೇ ಇರಲಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡ. “ಒಂದು ಸ್ಟೀಲಿನ ಹಿಡಿ ಹಾಕಿದ್ರಾಯ್ತು ಅಮ್ಮಾ. ಅದೂ ಮುಗೀತು ಅಂತ್ಲೇ...”

ಚಿಕ್ಕಮ್ಮ ಕೆಮ್ಮಿದಳು. ಅವನು ಸ್ಕೂಟರ್ ಹತ್ತಿ ಹೋದವನು ಹಿಡಿಯೊಂದಿಗೆ ಬಂದ, ಬಂದವರ ಎದುರೇ ಗೋಡೆ ಕೊರೆದ, ನಾಲ್ಕು ತಿರುಪುಗಳನ್ನು ಬಿಗಿದ, ಕೊನೆಗೆ ತನ್ನ ದಢೂತಿ ಮೈಯನ್ನೆಲ್ಲ ಅದಕ್ಕೆ ಜೋತುಹಾಕಿ ತೋರಿಸಿದ. ಹಿಡಿ ಅಲುಗಲಿಲ್ಲ. ಕೋಟಿನವರು, “ಯೋಚನೆ ಮಾಡಿ ಹೇಳಿಕಳಿಸ್ತೀವಿ” ಎಂದು ಕೈಕುಲುಕಿ ಹೊರಟರು.

ಶನಿವಾರ ಅಮ್ಮ ವಾಕರ್ ದೂಡಿಕೊಂಡು ಹೊಸ ಬಾಗಿಲವರೆಗೆ ಬಂದಳು. ನಾನು ತೋಳು ಹಿಡಿಯಲು ಹೋದಾಗ, “ಬಿಡು, ನೀನೂ ಒಳಗೆ ಬರ್ತೀಯಾ?” ಎಂದಳು. ಬಾಗಿಲು ಮುಚ್ಚಿತು. ಚಿಕ್ಕಮ್ಮನೂ ನಾನೂ ಹೊರಗೆ ನಿಂತೆವು. ಒಳಗೆ ಚಿಲಕ ಜಾರಿ ಕೂತ ಸದ್ದು ಕೇಳಿತು; ಸ್ವಲ್ಪ ಹೊತ್ತಿಗೆ ನೀರು ಸುರಿಯುವ ಸದ್ದು, ಅದರ ಜೊತೆಗೆ ಅಮ್ಮನ ಗುನುಗು. ಚಿಕ್ಕಮ್ಮ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. “ಈಗ ಮುಗೀತು” ಎಂದಳು.

ಅಮ್ಮ ಆ ಹಿಡಿಯನ್ನು ಹಿಡಿದೇ ಇಷ್ಟು ವರ್ಷ ಕಳೆದಳು, ಈಗಲೂ ಹಿಡಿಯುತ್ತಿದ್ದಾಳೆ. ಹೋದದ್ದು ಚಿಕ್ಕಮ್ಮ, ಕಳೆದ ವರ್ಷ, ಯಾರಿಗೂ ತೊಂದರೆ ಕೊಡದೆ. ಮಾತಾಡಿಸಲು ಬಂದವರ ನಡುವೆ ಆ ದಂಪತಿಯನ್ನು ಕಂಡಾಗ, ಮೇಸ್ತ್ರಿಯ ಪ್ರಶ್ನೆ ನನ್ನ ಬಾಯಿಂದಲೇ ಹೊರಬಿತ್ತು.

“ಕೊನೆಗೂ ಮನೆ ಕಟ್ಟಿಸಿದ್ರಾ?”

“ಯಾವ ಮನೆ ಕಟ್ಟಿಸಲಿ?” ಎಂದರು ಅವರು. “ನನ್ನದು ಡ್ರೈಕ್ಲೀನಿಂಗ್ ಅಂಗಡಿ. ಆ ಕೋಟು ಯಾರೋ ಗಿರಾಕೀದು. ಶಾಲು ಒಗೆಯೋಕೆ ಕೊಡ್ತಾ ನಿಮ್ಮ ಚಿಕ್ಕಮ್ಮ, ಒಂದು ಸಂಜೆ ಮಟ್ಟಿಗೆ ಒಬ್ಬರಿಗೆ ಗಂಡನಾಗ್ತೀರಾ ಅಂತ ಕೇಳಿದ್ರು.”

ಆಕೆ ಒದ್ದೆಗಣ್ಣಲ್ಲೇ ನಕ್ಕರು. “ನಾನು ಅವಳ ಪಕ್ಕ ಕೂರ್ತಿದ್ದದ್ದು ಮಾತ್ರ ನಿಜ. ನಿಮಗೆ ಹೇಳ್ಬಾರದು ಅಂತ ಆಣೆ ಹಾಕಿಸ್ಕೊಂಡಿದ್ಳು. ನಿಮ್ಮ ದನಿಗೆ ಸುಳ್ಳು ಒಗ್ಗಲ್ವಂತೆ. ಅವತ್ತು ನಿಮ್ಮ ಗೇಟಿನ ಹತ್ರಾನೇ ನಾನು ಇವರ ಮುಖ ಮೊದಲು ನೋಡಿದ್ದು.”

ಅವರಿಬ್ಬರೂ ಮರುವರ್ಷ ಮದುವೆಯಾದರಂತೆ. ಸಾಕ್ಷಿಯ ಸಹಿ ಚಿಕ್ಕಮ್ಮನದು.