ಹುಳುವಾಗಿದ್ದಾಗ ತಿಂದ ಸೊಪ್ಪು

ಸಂಜೆಯಾದರೆ ಎದುರುಮನೆ ದೊಡ್ಡಮ್ಮನ ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿರುತ್ತಿತ್ತು. ರೇಷ್ಮೆ ಚಿಟ್ಟೆಗಳ ರೆಕ್ಕೆಯಿಂದ ಉದುರಿದ ಪುಡಿ. ಕುಣಿಗಲ್‌ನ ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಖಾಸಗಿಯವರು ರೇಷ್ಮೆ ಮೊಟ್ಟೆ ಕೇಂದ್ರ ನಡೆಸುತ್ತಿದ್ದರು. ಗೂಡು ತೂತು ಮಾಡಿಕೊಂಡು ಹೊರಬಂದ ಚಿಟ್ಟೆಗಳಲ್ಲಿ ಗಂಡು ಹೆಣ್ಣು ಬೇರ್ಪಡಿಸಿ ಜೋಡಿ ಮಾಡುವುದು ಅವಳ ಕೆಲಸ. “ಬೆಳಗಿಂದ ಮದ್ವೆ ಮಾಡ್ಸಿದ್ದೇ ಮಾಡ್ಸಿದ್ದು ಕಣೇ, ಒಬ್ರೂ ಒಂದ್ ಲೋಟ ಪಾಯಸ ಕೊಡ್ಲಿಲ್ಲ” ಎಂದು ಜಗಲಿಯ ಮೇಲೆ ಕೂತು ನಗುತ್ತಿದ್ದಳು. ನಗು ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ನಮಗೆ ನೆಂಟಳೇನಲ್ಲ, ಆದರೂ ದೊಡ್ಡಮ್ಮ. ಅವಳ ಗಂಡ, ನಮ್ಮ ದೊಡ್ಡಪ್ಪ, ಪೇಟೆಯಲ್ಲಿ ಟೈಲರ್. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು, ಗುಬ್ಬಿಯ ನೆಂಟರ ಮನೆಯಲ್ಲಿ ಉಳಿದದ್ದು ಬಳಿದದ್ದು ತಿಂದು ಬೆಳೆದವರು. ಅವರ ತಟ್ಟೆಗೆ ಎರಡನೇ ಮುದ್ದೆ ಕೇಳದೆಯೇ ಬೀಳುತ್ತಿತ್ತು. ಸಾಕು ಎಂದರೆ ದೊಡ್ಡಮ್ಮ, “ತಿನ್ನಿ ಸುಮ್ನೆ” ಎಂದು ಗದರುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಆ ಅಡುಗೆಮನೆಯಲ್ಲಿ ಮಗುವಿನ ಪಾಲೆಲ್ಲ ನನಗೇ ಬರುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಬೀದಿಯಲ್ಲಿ ಒಂದು ನಾಮಕರಣ ನಡೆಯಿತು. ತೊಟ್ಟಿಲಿಗೆ ಕೈ ಚಾಚಿದ ದೊಡ್ಡಮ್ಮನನ್ನು ಮಗುವಿನ ಅಜ್ಜಿ ತಡೆದು, “ಮಕ್ಕಳಾದೋರು ಮೊದ್ಲು ತೂಗ್ಲಿ, ಬುಡವ್ವ” ಅಂದರು. ದೊಡ್ಡಮ್ಮ ಕೈ ಹಿಂದೆಳೆದು ಸೆರಗಿಗೆ ಒರೆಸಿಕೊಂಡಳು, ಪುಡಿ ಅಂಟಿದೆಯೆಂದೇ ಬೇಡವೆಂದರೇನೋ ಎಂಬಂತೆ. ಆ ಅಜ್ಜಿಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮರುದಿನ ಅವಳಿಗೆ ಬುತ್ತಿ ಕೊಡಲು ಕೇಂದ್ರಕ್ಕೆ ಹೋದೆ. ಚಿಟ್ಟೆ ಬಿಟ್ಟಿದ್ದ ತಟ್ಟೆಯಲ್ಲಿ ಸಣ್ಣದೊಂದು ಗಂಡು ಹೆಣ್ಣನ್ನು ಹಿಡಿದು, ಹಿಡಿದಷ್ಟೇ ಬೇಗ ಜಾರಿ ಬಿತ್ತು. ದೊಡ್ಡಮ್ಮ ಮತ್ತೆ ಕೂರಿಸಿದಳು. ಮತ್ತೆ ಬಿತ್ತು.

“ಏನಾದ್ರೂ ತಿನ್ಸು ದೊಡ್ಡಮ್ಮ ಅದಕ್ಕೆ” ಅಂದೆ.

“ಚಿಟ್ಟೆ ಏನೂ ತಿನ್ನಲ್ಲ ಮಗ. ಹುಳ ಆಗಿದ್ದಾಗ ತಿಂದಿದ್ದೇ ಕಡೇತನಕ. ಆಗ ಸೊಪ್ಪು ಸಾಲ್ದೇ ಹೋದ್ರೆ ಗಂಡಿಗೆ ಕಸುವಿರಲ್ಲ. ಹೆಣ್ಣು ಮೊಟ್ಟೆ ಇಟ್ರೂ ಮರಿ ಆಗಲ್ಲ.”

“ಹಂಗಾದ್ರೆ ತಪ್ಪು ಗಂಡುಂದೇ?”

ಅದನ್ನು ಬೆರಳಿಗೆ ಹತ್ತಿಸಿಕೊಂಡು ನೋಡುತ್ತ ಕೂತಳು. “ಹಸ್ಕೊಂಡಿದ್ದು ಅದ್ರ ತಪ್ಪೇನೇ? ಪಾಪ.”

ಕೆಲಸಕ್ಕೆ ಬಾರದ ಗಂಡುಗಳನ್ನು ಬಕೆಟ್ಟಿಗೆ ಹಾಕುವುದು ಅಲ್ಲಿನ ರೂಢಿ. ಆ ಚಿಟ್ಟೆಯನ್ನು ಮಾತ್ರ ಅವಳು ಕಿಟಕಿಯ ಮೇಲೆ ಬಿಟ್ಟಳು.

ಮುಂದೆ ನಾನು ಮದುವೆಯಾಗಿ ತುಮಕೂರಿಗೆ ಬಂದೆ. ನನ್ನ ಮಗಳ ತೊಟ್ಟಿಲನ್ನು ಮೊದಲು ತೂಗಿದವಳು ದೊಡ್ಡಮ್ಮ. ಎಲ್ಲರ ಮುಂದೆ ಅವಳ ಕೈ ಹಿಡಿದು ಎಳೆದುಕೊಂಡು ಬಂದಿದ್ದೆ. ಅಷ್ಟರಲ್ಲಾಗಲೇ ಆ ಬಿಳಿ ಪುಡಿ ಅವಳ ಎದೆಗಿಳಿದು ದಮ್ಮು ಹತ್ತಿತ್ತು. ಹೋದ ವರ್ಷ ಇಲ್ಲಿನ ಆಸ್ಪತ್ರೆಗೆ ಸೇರಿಸಿದೆವು. ಆಕ್ಸಿಜನ್ ಮಾಸ್ಕ್ ಸರಿಸಿ, ಉಸಿರು ಕಟ್ಟುತ್ತ ಅವಳು ಕೇಳಿದ್ದು ಒಂದೇ: “ಅವ್ರು ಉಂಡ್ರಾ?” ಮಾರನೆಯ ದಿನ ಹೋಗಿಬಿಟ್ಟಳು.

ಕುಣಿಗಲ್‌ನಲ್ಲಿ ಮಣ್ಣು ಮಾಡಿ ಬಂದು ದೊಡ್ಡಮ್ಮನ ಮನೆಯಲ್ಲಿ ಕೂತಿದ್ದೆವು. ಬೀದಿಯ ಹೆಂಗಸೊಬ್ಬಳು, “ಒಂದ್ ಹಿಡಿ ಮಣ್ಣು ಹಾಕಕ್ಕೂ ಒಂದ್ ಮಗು ಹೆರ್ಲಿಲ್ಲ” ಎಂದು ನಿಟ್ಟುಸಿರಿಟ್ಟಳು. ಮೂಲೆಯಲ್ಲಿದ್ದ ದೊಡ್ಡಪ್ಪ ಎದ್ದು ನಿಂತರು. ಅವರ ದನಿ ಅಷ್ಟು ಜೋರಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ.

“ಅವ್ಳಿಗೇನೂ ಆಗಿರ್ಲಿಲ್ಲ ಕಣವ್ವ. ತೊಂದ್ರೆ ಇದ್ದಿದ್ದು ನಂಗೆ. ಮದ್ವೆ ಆದ ಹೊಸ್ದ್ರಲ್ಲೇ ಡಾಕ್ಟ್ರು ಹೇಳಿದ್ರು. ಯಾರ ಮುಂದೇನೂ ಹೇಳ್ಕೂಡ್ದು ಅಂತ ಆಣೆ ಹಾಕಿಸ್ಕೊಂಡಿದ್ಳು.”

ನನಗೆ ಕಿಟಕಿಯ ಮೇಲಿನ ಆ ಚಿಟ್ಟೆ ನೆನಪಾಯಿತು. ಇಷ್ಟು ವರ್ಷ ಬೀದಿಯ ಮಾತನ್ನೆಲ್ಲ ದೊಡ್ಡಮ್ಮ ಒಬ್ಬಳೇ ನುಂಗಿದ್ದಳು. ಇಷ್ಟು ತಡವಾಗಿ ಬಾಯಿಬಿಟ್ಟ ದೊಡ್ಡಪ್ಪನ ಮೇಲೆ ಸಿಟ್ಟೂ ಬಂತು.

ಸಂಜೆ ಪಕ್ಕದ ಮನೆಯವರು ಮುದ್ದೆ, ಸಾರು ತಂದಿಟ್ಟರು. ದೊಡ್ಡಪ್ಪನ ತಟ್ಟೆಗೆ ಎರಡನೇ ಮುದ್ದೆ ಹಾಕಲು ಹೋದೆ. ಸಾಕು ಎಂದು ಕೈ ಅಡ್ಡ ಹಿಡಿದರು.

“ತಿನ್ನಿ ಸುಮ್ನೆ” ಅಂದೆ.

ಅವರು ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದರು.