ಕಣ್ಣೆದುರಲ್ಲೇ ಕುಡಿಯಬೇಕಾದ ಹಾಲು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು ನಾನು ಒಂದು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. ಹುದ್ದೆಯ ಹೆಸರು ಕೇಳಲು ಚೆನ್ನಾಗಿತ್ತು. ಕೆಲಸವೆಂದರೆ ಮಲದ ಮಾದರಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು, ನೋಡಿದ್ದನ್ನು ಬರೆಯುವುದು, ಆಮೇಲೆ ಗಾಜಿನ ಸಾಮಾನು ತೊಳೆಯುವುದು. ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನನ್ನನ್ನು ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯ ಒಂದು ಕಾಫಿ ಎಸ್ಟೇಟಿಗೆ ಆರು ತಿಂಗಳ ಮಟ್ಟಿಗೆ ಕಳಿಸಿದರು. ಹೋಗುವಾಗ ಉತ್ಸಾಹವಿತ್ತು. ಈಗ ಅದನ್ನು ನೆನೆಯಲು ಕೂತರೆ ಮೊದಲು ಬರುವುದು ಆಯಾಸ.

ಆ ಕೆಲಸಕ್ಕೆ ಮೂವರು ಕೈಜೋಡಿಸಿದ್ದರು. ಕೂಲಿಯಾಳುಗಳು ಹೊಟ್ಟೆಯ ಕಾಯಿಲೆಯಿಂದ ಪದೇ ಪದೇ ಮಲಗುತ್ತಾರೆ, ಕೊಯ್ಲಿನ ಹೊತ್ತಿಗೆ ಕೈ ಸಾಲುವುದಿಲ್ಲ ಎನ್ನುವುದು ತೋಟಗಾರರ ದೂರು. ಕೆನೆ ತೆಗೆದ ಹಾಲಿನ ಪುಡಿಯನ್ನು ಡಬ್ಬಿಗಳಲ್ಲಿ ತರಿಸಿ ಮಾರುವ ಕಂಪನಿಯೊಂದಕ್ಕೆ ತನ್ನ ಪುಡಿಯಿಂದ ಜನ ಗಟ್ಟಿಯಾಗುತ್ತಾರೆಂದು ತೋರಿಸಬೇಕಿತ್ತು. ನಮ್ಮ ಪ್ರೊಫೆಸರರಿಗೆ ಒಂದು ಒಳ್ಳೆಯ ಪ್ರಬಂಧ ಬೇಕಿತ್ತು. ಮೂವರಿಗೂ ಬೇಕಾದ್ದನ್ನು ತಂದುಕೊಡುವ ಹೊಣೆ ನನ್ನ ತಲೆಗೆ ಬಂತು.

ಎಸ್ಟೇಟಿನಲ್ಲಿ ಆಳುಗಳ ಮನೆಗಳ ಸಾಲಿಗೆ ಲೈನು ಎನ್ನುತ್ತಾರೆ. ಅಲ್ಲಿ ಎರಡು ಲೈನುಗಳಿದ್ದವು. ಮೇಲಿನ ಲೈನು ಗುಡ್ಡದ ಮೇಲೆ ನಾನು ಉಳಿದುಕೊಂಡಿದ್ದ ಕೋಣೆಯ ಪಕ್ಕದಲ್ಲೇ ಇತ್ತು, ಕೆಳಗಿನ ಲೈನು ಹಳ್ಳದ ಆಚೆಗಿತ್ತು. ಬೆಳಿಗ್ಗೆ ಮಸ್ಟರಿನಲ್ಲಿ, ಅಂದರೆ ಹಾಜರಿ ಕೂಗುವ ಹೊತ್ತಿನಲ್ಲಿ, ಹಂಡೆಯಲ್ಲಿ ಪುಡಿ ಕದಡಿ ಆಳಿಗೆ ಒಂದು ದೊಡ್ಡ ಲೋಟ ಹಾಲು ಕೊಡಬೇಕು. ಹದಿನೈದು ದಿನಕ್ಕೊಮ್ಮೆ ಎಲ್ಲರನ್ನೂ ತೂಗಬೇಕು. ಹಾಲನ್ನು ನನ್ನ ಕಣ್ಣೆದುರಲ್ಲೇ ಕುಡಿಯಬೇಕೆಂಬ ನಿಯಮವನ್ನು ಮಾಡಿದವನು ನಾನೇ. ಮನೆಗೆ ಬಿಟ್ಟರೆ ಯಾರು ಕುಡಿದರು, ಮಕ್ಕಳಿಗೆಷ್ಟು ಹೋಯಿತು ಎಂದು ಹೇಗೆ ಗೊತ್ತಾಗಬೇಕು? ಪ್ರೊಫೆಸರರು ಆ ನಿಯಮವನ್ನು ಮೆಚ್ಚಿ ಕಾಗದ ಬರೆದಿದ್ದರು. ಒಂದೇ ಹೊತ್ತಿಗೆ ಎರಡೂ ಕಡೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ಕೆಳಗಿನ ಲೈನಿನ ಉಸ್ತುವಾರಿಯನ್ನು ಅಲ್ಲಿನ ಮೇಸ್ತ್ರಿ ತಿಮ್ಮಪ್ಪನಿಗೆ ಒಪ್ಪಿಸಿದೆ.

ಎರಡನೇ ವಾರದಲ್ಲಿ ಮೇಲಿನ ಲೈನಿನ ಕಮಲಿ ಲೋಟ ಹಿಡಿದುಕೊಂಡು ಕುಡಿಯದೆ ನಿಂತಳು. ವಸ್ತಾರೆ ಕಡೆಯವಳು, ಮೂವತ್ತರ ಆಸುಪಾಸು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳಿದ್ದರು. ಹಣ್ಣು ಕೊಯ್ಯುವುದರಲ್ಲಿ ಅವಳ ಕೈ ಚುರುಕು ಎಂದು ಎಲ್ಲರೂ ಹೇಳುತ್ತಿದ್ದರು.

"ಅಯ್ಯಾ, ಇದನ್ನ ಹಿಂಗೇ ಕುಡುದ್ರೆ ಹೊಟ್ಟೆ ಗುಡುಗುಡು ಅಂತದೆ. ಚೆಂಬಲ್ಲಿ ಮನೆಗೆ ತಗೊಂಡೋಗ್ತೀನಿ. ಹೆಪ್ಪು ಹಾಕಿ ನಾಳೆ ಉಣ್ತೀನಿ" ಎಂದಳು.

"ಇಲ್ಲೇ ಕುಡೀಬೇಕು. ಇಲ್ಲಾಂದ್ರೆ ಬೇಡ ಅಂದಳು ಅಂತ ಬರ್ಕೋತೀನಿ" ಎಂದೆ.

ಅವಳು ಕಣ್ಣು ಮುಚ್ಚಿ ಕುಡಿದಳು. ಕೆಲವು ದಿನ ಕುಡಿದು, ಕೆಲವು ದಿನ ಬಿಟ್ಟಳು. ಬಿಟ್ಟ ದಿನವೆಲ್ಲ ಅವಳ ಹೆಸರಿನ ಮುಂದೆ 'ನಿರಾಕರಿಸಿದಳು' ಎಂದು ದುಂಡಗೆ ಬರೆದೆ. ಅಕ್ಷರ ಚೆನ್ನಾಗಿದೆಯೆಂದು ಆಗ ನನಗೆ ಸ್ವಲ್ಪ ಜಂಬವೂ ಇತ್ತು.

ಎರಡು ತಿಂಗಳು ಕಳೆಯುವ ಹೊತ್ತಿಗೆ ಲೆಕ್ಕ ವಿಚಿತ್ರವಾಗಿ ಕಾಣತೊಡಗಿತು. ಕೆಳಗಿನ ಲೈನಿನವರು ಮೈ ತುಂಬಿಕೊಳ್ಳುತ್ತಿದ್ದರು, ಹಾಜರಿಯೂ ಏರುತ್ತಿತ್ತು. ನನ್ನ ಕಣ್ಣೆದುರಲ್ಲೇ ಕುಡಿಯುತ್ತಿದ್ದ ಮೇಲಿನ ಲೈನಿನವರಲ್ಲಿ ಅರ್ಧದಷ್ಟು ಜನಕ್ಕೆ ಭೇದಿ, ಹೊಟ್ಟೆಯುಬ್ಬರ. ನೀರಿನ ದೋಷವಿರಬಹುದೆಂದು ಕುದಿಸಿ ಆರಿಸಿದ ನೀರು ಕೊಡಿಸಿದೆ. ಮಾದರಿಗಳನ್ನು ತಂದು ನೋಡಿದೆ. ಹುಳುಗಳಿದ್ದವು, ಆದರೆ ಎರಡೂ ಲೈನುಗಳಲ್ಲಿ ಒಂದೇ ಸಮ. ಬೆನ್ನು ನೋಯುವಷ್ಟು ಹೊತ್ತು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತೆ. ಕಾರಣವನ್ನು ನನ್ನ ಮುಖಕ್ಕೇ ಹೇಳಿದ್ದವಳನ್ನು ಮಾತ್ರ ಮತ್ತೆ ಕರೆದು ಕೇಳಲಿಲ್ಲ.

ಪ್ರೊಫೆಸರರಿಗೆ ಬರೆದೆ. ಮೇಲಿನ ಲೈನಿನವರು ಸಹಕರಿಸುತ್ತಿಲ್ಲವೆಂದು ಕಾಣುತ್ತದೆ, ಕುಡಿತವೋ ಸೋಮಾರಿತನವೋ ಇರಬೇಕು, ಅಂಥವರ ಹೆಸರುಗಳನ್ನು ವಾರವಾರ ಮ್ಯಾನೇಜರಿಗೆ ಕೊಡು ಎಂದು ಉತ್ತರ ಬಂತು. ಕೊಟ್ಟೆ. ಕಮಲಿಯ ಹೆಸರು ಪ್ರತಿ ವಾರವೂ ಇರುತ್ತಿತ್ತು.

ಡಿಸೆಂಬರಿನಲ್ಲಿ ಕೊಯ್ಲು ಭರದಿಂದ ಸಾಗಿತ್ತು. ಒಂದು ಮಧ್ಯಾಹ್ನ, ತೂಕಕ್ಕೆ ಬಾರದ ಒಬ್ಬ ಮುದುಕಿಯನ್ನು ನೋಡಲು ಕೆಳಗಿನ ಲೈನಿಗೆ ಇಳಿದು ಹೋದೆ. ಬಿಸಿಲಿಗೆ ಸುಸ್ತಾಗಿ ಜಗಲಿಯ ಮೇಲೆ ಕೂತವನಿಗೆ ಅವಳು ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ತೆಳ್ಳಗಿತ್ತು, ಉಪ್ಪು ಹಾಕಿತ್ತು, ತಂಪಾಗಿತ್ತು. ಈ ಲೈನಿನಲ್ಲಿ ಯಾರ ಮನೆಯಲ್ಲೂ ಹಸುವಿಲ್ಲವಲ್ಲ, ಮಜ್ಜಿಗೆ ಎಲ್ಲಿಂದ ಬಂತು ಎಂದು ಕೇಳಿದೆ.

"ನಿಮ್ಮ ಹಾಲೇ ಅಲ್ವಾ ಅಯ್ಯಾ" ಎಂದಳು.

ತಿಮ್ಮಪ್ಪನನ್ನು ಕರೆಸಿದೆ. ಅವನು ಟವೆಲು ಕೈಗೆ ತೆಗೆದುಕೊಂಡು ನಿಂತ.

"ಹೇಳಿದ್ರೆ ನೀವು ಬೈತೀರಿ ಅಂತ ಸುಮ್ನಿದ್ದೆ ಮಾರಾಯ್ರೇ. ಮೊದಲ ನಾಲ್ಕು ದಿನ ನೀವು ಹೇಳಿದ ಹಾಗೇ ಕುಡಿಸ್ದೆ. ಎಲ್ರೂ ತೋಟಕ್ಕೆ ಹೋಗೋ ಬದ್ಲು ಹಳ್ಳದ ಕಡೆ ಓಡಿದ್ರು. ನಾನು ಯಾರನ್ನ ಇಟ್ಕೊಂಡು ಕೆಲಸ ಮಾಡಿಸ್ಲಿ? ಬಂಗಲೆ ಅಡುಗೆಯವನ ಹತ್ರ ಒಂದು ಚಮಚ ಹೆಪ್ಪು ತಂದೆ. ಆವತ್ತಿಂದ ಎಲ್ರೂ ಮನೆಗೆ ಒಯ್ದು ಮೊಸರು ಮಾಡ್ಕೊಂಡು ಉಣ್ತಾರೆ. ಯಾರಿಗೂ ಎಂತದೂ ಆಗ್ಲಿಲ್ಲ."

"ಮತ್ತೆ ಪುಸ್ತಕದಲ್ಲಿ ಎಲ್ಲರೂ ಕುಡಿದರು ಅಂತ ಬರೆಸಿದ್ದೀಯಲ್ಲ?"

"ಹೊಟ್ಟೆಗೇ ಹೋಯ್ತಲ್ಲ ಮಾರಾಯ್ರೇ. ಒಂದು ದಿನ ತಡ ಆಯ್ತು, ಅಷ್ಟೇ."

ನಗು ಬರಬೇಕಿತ್ತು, ಬರಲಿಲ್ಲ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ದೊಡ್ಡವರಾದ ಮೇಲೆ ಬಹಳ ಜನರಲ್ಲಿ ಕುಂದುತ್ತದೆ, ಮೊಸರಾಗುವಾಗ ಸೂಕ್ಷ್ಮಜೀವಿಗಳು ಆ ಸಕ್ಕರೆಯಲ್ಲಿ ಒಂದಷ್ಟನ್ನು ತಾವೇ ಅರಗಿಸಿ ಹೊಟ್ಟೆಯ ಕೆಲಸ ಹಗುರ ಮಾಡುತ್ತವೆ ಎಂಬ ವಿವರವನ್ನು ನಾನು ಓದಿದ್ದು ನಿವೃತ್ತಿ ಹತ್ತಿರವಾದಾಗ. ಆ ದಿನ ಅಷ್ಟೆಲ್ಲ ಗೊತ್ತಿರಲಿಲ್ಲ. ನನ್ನ ನಿಯಮವೇ ಜನರನ್ನು ಮಲಗಿಸುತ್ತಿದೆ ಎನ್ನುವುದು ಮಾತ್ರ ಗೊತ್ತಾಯಿತು.

ಅಲ್ಲಿಂದ ನೇರ ಮ್ಯಾನೇಜರ ಕಚೇರಿಗೆ ಹೋದೆ. ಅವರು ಕೆಟ್ಟವರಲ್ಲ, ಕೊಯ್ಲಿನ ಗಡಿಬಿಡಿಯಲ್ಲಿ ಬೇಸತ್ತಿದ್ದರು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಕೆಲಸದಿಂದ ತೆಗೆಯಬೇಕಾದವರ ಪಟ್ಟಿ. ಮೊದಲ ಹೆಸರೇ ಕಮಲಿಯದು. ಬರುವ ಸೋಮವಾರ ಅವಳು ಮನೆ ಖಾಲಿ ಮಾಡಬೇಕಿತ್ತು. ಕೆಲಸ ಹೋದವರಿಗೆ ಲೈನಿನಲ್ಲಿ ಮನೆಯಿರುವುದಿಲ್ಲ.

"ಇದು ಹೇಗಾಯ್ತು?" ಎಂದೆ.

"ಹೇಗೆ ಅಂದ್ರೆ? ನೀವೇ ಕೊಟ್ಟ ಪಟ್ಟಿ ಅಲ್ವಾ ಡಾಕ್ಟ್ರೇ? ಹಾಜರಿ ಇಲ್ಲ, ಹೇಳಿದ ಮಾತು ಕೇಳೋದಿಲ್ಲ ಅಂತ ವಾರವಾರ ಬರ್ದಿದ್ದೀರಿ."

ನಾನು ಡಾಕ್ಟರಲ್ಲ, ಆ ಮಾತು ಅವರಿಗೆ ಎಷ್ಟು ಸಲ ಹೇಳಿದರೂ ಕಿವಿಗೆ ಹೋಗುತ್ತಿರಲಿಲ್ಲ. ನಡೆದದ್ದನ್ನು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಬಾಯಿಮಾತಲ್ಲಿ ಹೇಳಿದ್ರೆ ನಾನು ಹೆಸರು ತೆಗೆಯೋಕೆ ಬರೋದಿಲ್ಲ. ಕಾಯಿಲೆ ಹಾಲಿಂದ ಬಂತು, ಅವರ ತಪ್ಪಿಲ್ಲ ಅಂತ ಬರೆದುಕೊಡಿ. ಅದರ ನಕಲು ತೋಟಗಾರರ ಸಂಘಕ್ಕೂ ಹೋಗುತ್ತೆ, ನಿಮ್ಮ ಕಾಲೇಜಿಗೂ ಹೋಗುತ್ತೆ. ಯೋಚನೆ ಮಾಡಿ."

ಯೋಚಿಸಿದೆ, ಇಲ್ಲವೆನ್ನುವುದಿಲ್ಲ. ಹಾಗೆ ಬರೆದರೆ ಪ್ರೊಫೆಸರರ ಮುಖ ನೋಡುವಂತಿಲ್ಲ, ಪ್ರಬಂಧವಂತೂ ಕೈಬಿಟ್ಟ ಹಾಗೆ. ಆದರೆ ಆ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಅಲ್ಲೇ ಕೂತು ಎರಡು ಪುಟ ಬರೆದು ಸಹಿ ಹಾಕಿದೆ. ನಿಯಮ ನನ್ನದು, ತಪ್ಪೂ ನನ್ನದು, ಈ ಹಾಲಿನಿಂದ ಆಳುಗಳಿಗೆ ಕೇಡಾಗಿದೆ ಎಂದು ಬರೆದೆ. ಮ್ಯಾನೇಜರು ಓದಿ, ಪಟ್ಟಿಯನ್ನು ಹರಿದು ಹಾಕಿದರು.

ಮರುದಿನದಿಂದ ಮೇಲಿನ ಲೈನಿನವರಿಗೂ ಹಾಲನ್ನು ಮನೆಗೆ ಒಯ್ಯಲು ಬಿಟ್ಟೆ. ತಿಮ್ಮಪ್ಪನೇ ಬಂದು ಮನೆಮನೆಗೆ ಹೆಪ್ಪು ಹಂಚಿದ. ವಾರ ಕಳೆಯುವುದರೊಳಗೆ ಮಲಗಿದ್ದವರಲ್ಲಿ ಬಹುಪಾಲು ಎದ್ದು ತೋಟಕ್ಕೆ ಬಂದರು. ಕಮಲಿ ಒಂದು ದಿನವೂ ತಪ್ಪಿಸಲಿಲ್ಲ. ಆ ವಾರ ನಾನು ನೆಮ್ಮದಿಯಿಂದ ಉಂಡೆ.

ಹತ್ತನೇ ದಿನಕ್ಕೆ ಸಂಘದ ಆದೇಶ ಬಂತು. ಹಾಲು ಆಳುಗಳಿಗೆ ಕೇಡೆಂದು ಸಂಶೋಧಕರೇ ಬರೆದುಕೊಟ್ಟಿರುವುದರಿಂದ ವಿತರಣೆಯನ್ನು ಕೂಡಲೇ ನಿಲ್ಲಿಸಬೇಕು. ಕಂಪನಿಯ ಲಾರಿ ಚಿಕ್ಕಮಗಳೂರಿನಿಂದ ಬಂದು ಉಳಿದ ಡಬ್ಬಿಗಳನ್ನು ಹೇರಿಕೊಂಡು ಹೋಯಿತು. ನನಗೂ ವಾಪಸು ಬರಬೇಕೆಂಬ ಕಾಗದ ಬಂದಿತ್ತು.

ಮರುದಿನ ಮಸ್ಟರಿಗೆ ಎರಡೂ ಲೈನಿನವರು ಚೆಂಬು ಹಿಡಿದು ಬಂದು ನಿಂತಿದ್ದರು. ಹಂಡೆ ಬೋರಲಾಗಿತ್ತು. ಇನ್ನು ಹಾಲಿಲ್ಲವೆಂದು ನಾನೇ ಹೇಳಿದೆ. ಕಮಲಿಯನ್ನು ಪಕ್ಕಕ್ಕೆ ಕರೆದು, ನಿನ್ನ ಹೆಸರು ಉಳಿದಿದೆ, ಮನೆಗೆ ಭಯವಿಲ್ಲ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಚೆಂಬು ಕೈಯಲ್ಲೇ ಇತ್ತು.

"ಚಿಕ್ಕವಳು ಮೊಸರನ್ನ ಉಂಡು ಈಗ ಸ್ವಲ್ಪ ಕೈಕಾಲು ತುಂಬ್ಕೋತಾ ಇದ್ಲು ಅಯ್ಯಾ" ಎಂದಳು. "ಹಾಲು ಬೇಡ ಅಂತ ನಾವ್ಯಾರೂ ಅಂದಿರ್ಲಿಲ್ವಲ್ಲ."

ನಾನು ಬರೆದುಕೊಟ್ಟ ಆ ಎರಡು ಪುಟದಲ್ಲಿ ಇನ್ನೊಂದು ಸಾಲಿಗೆ ಜಾಗವಿತ್ತು: ಹಾಲು ಮುಂದುವರಿಯಲಿ, ಮನೆಗೆ ಒಯ್ದು ಮೊಸರು ಮಾಡಿ ಉಣ್ಣಲಿ. ಅದು ನನಗೆ ಹೊಳೆಯಲೇ ಇಲ್ಲ. ನನ್ನ ತಪ್ಪನ್ನು ಒಪ್ಪಿಕೊಳ್ಳುವ ಭರದಲ್ಲಿ ಆ ಕಾಗದದ ತುಂಬ ನಾನೇ ಇದ್ದೆ. ಆಮೇಲೆ ಮೂವತ್ತು ವರ್ಷ ಬೇರೆ ಬೇರೆ ಊರಿನ ಆರೋಗ್ಯ ಇಲಾಖೆಗಳಲ್ಲಿ ವರದಿ ಬರೆದೆ. ಏನು ತಪ್ಪಾಯಿತು ಎಂದು ಬರೆದ ಮೇಲೆ, ಇದನ್ನು ಓದಿದವರು ನಾಳೆ ಬೆಳಿಗ್ಗೆ ಯಾರ ತಟ್ಟೆಯಿಂದ ಏನನ್ನು ತೆಗೆಯುತ್ತಾರೆ ಎಂದು ಯೋಚಿಸದೆ ಸಹಿ ಹಾಕಲಿಲ್ಲ. ಅದರಿಂದ ಕಮಲಿಯ ಚಿಕ್ಕ ಮಗಳ ತಟ್ಟೆಗೆ ಏನೂ ಬರಲಿಲ್ಲ.