ಜಿಪಾರಳ ನೀಲಿ ಹಾಸು, ಓರಗಿತ್ತಿಯ ಹೊಟ್ಟೆಕಿಚ್ಚು

ನಾರಿನ್ ಕಣಿವೆಯ ಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಿಪಾರ್ ಅಂಗಳದಲ್ಲಿ ಜೊಂಡಿನ ಚಾಪೆ ಬಿಚ್ಚಿ, ಹಿಂಜಿದ ಉಣ್ಣೆ ಹರಡಿ, ಕುದಿನೀರು ಚಿಮುಕಿಸುತ್ತಿದ್ದಾಳೆ. ಇನ್ನು ಚಾಪೆ ಸುತ್ತಿ, ಹಗ್ಗ ಬಿಗಿದು, ಮೊಣಕೈಯಲ್ಲಿ ಒತ್ತಿ ಒತ್ತಿ ಉರುಳಿಸಬೇಕು; ಆಗಲೇ ಉಣ್ಣೆ ಕೂಡಿಕೊಂಡು ಕಂಬಳಿಯಂತೆ ಗಟ್ಟಿಯಾಗುವುದು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಬೇಲಿಯಾಚೆ ಹಿರಿಯ ಓರಗಿತ್ತಿ ಬುರುಲ್ಚಾ, ಹಾಸಿನ ಕತೆ ಬರೆದುಕೊಳ್ಳಲು ಬಂದ ಪತ್ರಿಕೆಯವರ ಜೊತೆ, ನೋಡುತ್ತ ನಿಂತಿದ್ದಾಳೆ. ಅವಳ ಹೊಟ್ಟೆಯಲ್ಲಿ ಕೆಂಡ.

ಇಲ್ಲಿ ಶಿರ್ದಾಕ್ ಹಾಸುಗಳು ಹುಟ್ಟುವುದೇ ಜೋಡಿಯಾಗಿ. ಹೀಗೆ ಗಟ್ಟಿಯಾದ ಎರಡು ಬಣ್ಣದ ಉಣ್ಣೆಯನ್ನು ಒಂದರ ಮೇಲೊಂದಿಟ್ಟು ಕತ್ತರಿಸಿದರೆ, ಇದರಿಂದ ಬಿದ್ದ ಬಳ್ಳಿಯ ಚಿತ್ತಾರ ಅದರ ಖಾಲಿಯಲ್ಲಿ ಕೂರುತ್ತದೆ. ಕತ್ತರಿ ಬುರುಲ್ಚಾಳದ್ದು, ಸೂಜಿ ಜಿಪಾರಳದ್ದು. ಕೊನೆಯ ಜೋಡಿಗೆ ಎರಡು ಚಳಿಗಾಲ ಹಿಡಿಯಿತು. ಕೆಂಪು ಬುರುಲ್ಚಾಳಿಗೆ, ನೀಲಿ ಜಿಪಾರಳಿಗೆ. ಆ ನೀಲಿಯನ್ನು ಜಿಪಾರ್ ಒಯ್ದು, ಯೇಸುವಿನ ಹೆಸರಿನಲ್ಲಿ ಏಳೆಂಟು ಜನ ಸೇರುವ ಕೋಣೆಯ ಬರಿನೆಲಕ್ಕೆ ಹಾಸಿಬಿಟ್ಟಳು.

"ಮೊಣಕಾಲೂರೋಕೆ ಹರಕು ಗೋಣಿ ಸಾಕಾಗ್ತಿರ್ಲಿಲ್ವೇನೆ?" ಎಂದು ಬುರುಲ್ಚಾ ಅಂದೇ ಹರಿಹಾಯ್ದಳು.

"ಅವನಿಗೆ ಕೊಡೋದು ಅಂದ್ಮೇಲೆ ಹರಕು ಯಾಕೆ ಕೊಡ್ಲಿ, ಎಜೆ?" ಎಂದಳು ಜಿಪಾರ್. ಎಜೆ ಎಂದರೆ ಇಲ್ಲಿ ಅಕ್ಕ.

ಹಾಸಿನ ಸುದ್ದಿಯಿಂದ ಜಿಪಾರ್ ಯೇಸುವನ್ನು ನಂಬಿದ ಗುಟ್ಟು ರಟ್ಟಾಯಿತು. ಊರ ಹಿರಿಯರು ಕೂಡಿ, ಅವಳ ಉಣ್ಣೆಗೆ ಯಾರೂ ಕೈ ಹಚ್ಚಬಾರದು, ಸತ್ತರೆ ಗಂಡನ ಗೋರಿಯ ಪಕ್ಕದಲ್ಲಿ ಮಣ್ಣೂ ಇಲ್ಲ ಎಂದರು. ಜಿಪಾರ್ ಅತ್ತಳು. ಹಾಸನ್ನು ಮಾತ್ರ ವಾಪಸು ತರಲಿಲ್ಲ. "ಗಂಡನ ಪಕ್ಕ ಮಲಗೋ ಆಸೆ ನಂಗೂ ಇದೆ. ಆದ್ರೆ ಯೇಸು ಗೊತ್ತೇ ಇಲ್ಲ ಅನ್ನೋಕೆ ಬಾಯಿ ಬರಲ್ಲ," ಎನ್ನುತ್ತಾಳೆ.

ಊರವರ ಸಿಟ್ಟು ಧರ್ಮದ್ದು. ಬುರುಲ್ಚಾಳದ್ದು ಅಪ್ಪಟ ಹೊಟ್ಟೆಕಿಚ್ಚು. ತನ್ನ ಬಾಣಂತನ ಮಾಡಿದವಳು, ಉಪ್ಪು ಮುಗಿದರೂ ತನ್ನ ಬಾಗಿಲಿಗೇ ಬರುತ್ತಿದ್ದವಳು, ಈಗ ಎಲ್ಲವನ್ನೂ ಮೊದಲು ಹೇಳಿಕೊಳ್ಳುವುದು ಆ ಯೇಸುವಿಗಂತೆ! "ಇವಳಿಗೆ ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕ್ದೋಳು ನಾನು. ಅವನೇನು ಬಂದಿದ್ನಾ?"

ಅಂಗಳದಲ್ಲಿ ಜಿಪಾರ್ ಒಬ್ಬಳೇ ಉರುಳಿಸುತ್ತಿರುವ ಚಾಪೆಯ ಸುರುಳಿ ಓರೆಯಾಗುತ್ತದೆ. ಹೀಗೇ ಬಿಟ್ಟರೆ ಉಣ್ಣೆ ಒಂದು ಕಡೆ ಗಂಟು, ಇನ್ನೊಂದು ಕಡೆ ತೂತು. ಬುರುಲ್ಚಾ ತಡೆಯಲಾರದೆ ಬೇಲಿ ದಾಟುತ್ತಾಳೆ. ಎದುರುಮನೆಯ ಕಿಟಕಿ ಕಿರ್ರೆಂದು ತೆರೆಯುತ್ತದೆ.

"ಹೋಗಿ ಎಜೆ, ನಿಮಗೂ ಗೋರಿ ಇಲ್ದಂಗೆ ಮಾಡ್ತಾರೆ," ಎನ್ನುತ್ತಾಳೆ ಜಿಪಾರ್.

"ಸುಮ್ನಿರೆ! ಅಷ್ಟೊಂದು ಪ್ರೀತಿ ಮಾಡ್ತೀಯಲ್ಲ, ಬಂದು ಈ ತುದಿ ಹಿಡಿದ್ನಾ ನಿನ್ನ ಯೇಸು?" ಬುರುಲ್ಚಾ ಅಂಗಿಯ ತೋಳು ಮಡಿಸಿ ಮಂಡಿಯೂರುತ್ತಾಳೆ.

ಜಿಪಾರ್ ತಲೆ ಎತ್ತುವುದಿಲ್ಲ. "ನಿಮ್ಮನ್ನ ಕಳಿಸು ಅಂತ ದಿನಾ ಅವನನ್ನೇ ಕೇಳ್ತಿದ್ದೆ."

ಬುರುಲ್ಚಾಳ ಮುಖ ಕೆಂಪಾಗುತ್ತದೆ. ಸುರುಳಿಯನ್ನು ಒಮ್ಮೆ ಬಲವಾಗಿ ಒತ್ತಿ, ಪತ್ರಿಕೆಯವರ ಕಡೆ ತಿರುಗುತ್ತಾಳೆ.

"ಸರಿಯಾಗಿ ಬರ್ಕೊಳ್ಳಿ. ಅವನು ಕಳಿಸಿದ್ದಲ್ಲ. ನಾನಾಗೇ ಬಂದಿದ್ದು."